ರಾತ್ರಿ ನಿಂತ ಗಾಡಿ ಬೆಳಿಗ್ಗೆ ಯಾಕೆ ಕೂತಿತ್ತು? ಏರ್ ಸಸ್ಪೆನ್ಷನ್ನಿನ ಎಪ್ಪತ್ತು ವರ್ಷದ ಕತೆ

ಇವತ್ತಿನ ಎಪಿಸೋಡ್ ಒಂದು ಸಣ್ಣ ಸದ್ದಿನಿಂದ ಶುರು ಆಗುತ್ತೆ. 'ಸ್ಸ್ಸ್' ಅಂತ, ಕಿವಿಗೊಟ್ಟರೆ ಮಾತ್ರ ಕೇಳುವಂಥ ಸದ್ದು.

ಯುಗಾದಿ ಮುಗಿದ ವಾರ ತಿಪಟೂರಿನ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಅಣ್ಣ ಹೊಸದಾಗಿ ತಂದ ಹಳೇ ಗಾಡಿ ನಿಂತಿತ್ತು. ಹದಿಮೂರು ವರ್ಷ ವಯಸ್ಸಾದ, ಮೂರು ಕೈ ಬದಲಾದ, ವಿದೇಶಿ ಹೆಸರಿನ ದೊಡ್ಡ ಆಫ್-ರೋಡರ್. ಷೋರೂಮಿನಲ್ಲಿದ್ದಾಗ ಕೋಟಿಯ ಹತ್ತಿರ ಇದ್ದ ಬೆಲೆ, ಅಣ್ಣನ ಕೈಗೆ ಬರೋ ಹೊತ್ತಿಗೆ ಹೊಸ ಇನ್ನೋವಾದ ಅರ್ಧಕ್ಕೆ ಇಳಿದಿತ್ತು. ಆ ಅರ್ಧವೂ ಎರಡು ವರ್ಷದ ಕೊಬ್ಬರಿ ದುಡ್ಡು. ಯಾವ ಕಂಪನಿ ಅಂತ ಹೇಳಲ್ಲ. ಈ ಕತೆ ಒಂದು ಕಂಪನಿಯದ್ದಲ್ಲ ಅಂತ ಇನ್ನು ಹತ್ತು ನಿಮಿಷದಲ್ಲಿ ನಿಮಗೇ ಗೊತ್ತಾಗುತ್ತೆ.

ಅಣ್ಣ ಅದನ್ನ ಷೋಕಿಗೆ ತಗೊಂಡಿರಲಿಲ್ಲ. ಸರಿ, ಪೂರ್ತಿ ಷೋಕಿಗಲ್ಲ. ದೊಡ್ಡಮ್ಮನ ಎರಡೂ ಮಂಡಿ ಸವೆದಿದೆ. ಎತ್ತರದ ಗಾಡಿ ಹತ್ತೋಕಾಗಲ್ಲ, ತಗ್ಗಿನ ಕಾರಿನ ಸೀಟಿನಿಂದ ಏಳೋಕಾಗಲ್ಲ. ಮಾರುವವನು ವಾಟ್ಸಾಪಿನಲ್ಲಿ ಕಳಿಸಿದ ವಿಡಿಯೋದಲ್ಲಿ ಬಟನ್ ಒತ್ತಿದ ಕೂಡಲೇ ಆ ಗಾಡಿ ಒಂಟೆ ಕೂತ ಹಾಗೆ ಮೆಲ್ಲಗೆ ಕೆಳಗಿಳೀತು. ಹತ್ತಿ ಕೂತ ಮೇಲೆ ಮತ್ತೆ ಎದ್ದು ನಿಂತಿತು. "ಇದೊಂದನ್ನ ನೋಡೇ ಅಡ್ವಾನ್ಸ್ ಕೊಟ್ಟೆ ಕಣೋ" ಅಂದ ಅಣ್ಣ.

ಆ ರಾತ್ರಿ ಊಟ ಆದ ಮೇಲೆ ಅಂಗಳದಲ್ಲಿ ಕೂತಿದ್ದಾಗ ಆ ಸದ್ದು ಕೇಳಿಸ್ತು. ಹಾವಿರಬಹುದಾ ಅಂತ ಟಾರ್ಚ್ ಬಿಟ್ಟು ನೋಡಿದೆವು, ಏನೂ ಇರಲಿಲ್ಲ. ಬೆಳಿಗ್ಗೆ ಎದ್ದು ನೋಡಿದ್ರೆ ಗಾಡಿ ಹಿಂದಿನ ಎಡಗಾಲು ಮಡಿಸಿದ ಎಮ್ಮೆ ಹಾಗೆ ಒಂದು ಕಡೆ ವಾಲಿ ಕೂತಿತ್ತು. ಟಯರಿಗೂ ಮೇಲಿನ ಕಮಾನಿಗೂ ನಡುವೆ ಎರಡು ಬೆರಳು ತೂರುತ್ತಿರಲಿಲ್ಲ. ಸ್ಟಾರ್ಟ್ ಮಾಡಿದರೆ ಕೆಳಗೆಲ್ಲೋ ಒಂದು ಮೋಟರ್ ಗುರ್ರ್ ಅಂತ ಒದ್ದಾಡಿ ಸುಮ್ಮನಾಯ್ತು. ಎದುರಿನ ಪರದೆ ಮೇಲೆ ಹಳದಿ ಅಕ್ಷರ: ಸಸ್ಪೆನ್ಷನ್ ಫಾಲ್ಟ್.

ಬೆಂಗಳೂರಿನ ದೊಡ್ಡ ಸರ್ವೀಸ್ ಸೆಂಟರೊಂದು ಕೊಟ್ಟ ಅಂದಾಜು ಆರೂವರೆ ಲಕ್ಷ. ನಾಲ್ಕೂ ಮೂಲೆಯ ಗಾಳಿ ಚೀಲ, ಕಂಪ್ರೆಸರ್, ವಾಲ್ವ್ ಬ್ಲಾಕ್, ಎಲ್ಲಾ ಹೊಸದು. ಇನ್ನೊಂದು ಗ್ಯಾರೇಜಿನವರು, "ಅದೆಲ್ಲ ಕಿತ್ತು ಬಿಸಾಕಿ ಸಾರ್, ಉಕ್ಕಿನ ಸ್ಪ್ರಿಂಗ್ ಹಾಕ್ತೀವಿ, ಒಂದೂವರೆ ಲಕ್ಷ, ಜನ್ಮದಲ್ಲಿ ತೊಂದರೆ ಬರಲ್ಲ" ಅಂದರು. ಅಣ್ಣ ಹೆಚ್ಚುಕಮ್ಮಿ ಒಪ್ಪಿಬಿಟ್ಟಿದ್ದ. ಒಂದೇ ಒಂದು ತೊಡಕು: ಸ್ಪ್ರಿಂಗ್ ಹಾಕಿದರೆ ಆ ಗಾಡಿ ಮತ್ತೆಂದೂ ಕೂರಲ್ಲ.

ಅಣ್ಣ ಒಂದು ವಾರ ಟೈಮ್ ತಗೊಂಡ. ಆ ವಾರ ನಾನು ಓದಿದ್ದೇ ಈ ಎಪಿಸೋಡ್. ಎರಡೂವರೆ ಟನ್ ಕಬ್ಬಿಣವನ್ನ ಗಾಳಿಯ ಮೇಲೆ ನಿಲ್ಲಿಸೋ ಐಡಿಯಾ ಯಾರಿಗೆ ಬಂತು, ಯಾಕೆ ಬಂತು?

ಮೊದಲು ಯಾಕೆ ಅನ್ನೋದು. ಉಕ್ಕಿನ ಸ್ಪ್ರಿಂಗಿಗೆ ಒಂದು ಹಟ ಇದೆ. ತಯಾರಾದ ದಿನ ಎಷ್ಟು ಗಟ್ಟಿಯೋ ಕೊನೆವರೆಗೂ ಅಷ್ಟೇ ಗಟ್ಟಿ. ಮೆತ್ತಗೆ ಮಾಡಿದರೆ ಒಬ್ಬನೇ ಕೂತಾಗ ಸುಖ, ಐದು ಜನ ಮತ್ತು ಲಗೇಜ್ ತುಂಬಿದರೆ ಹಿಂಭಾಗ ನೆಲ ಮುಟ್ಟುತ್ತೆ. ಗಟ್ಟಿ ಮಾಡಿದರೆ ಲೋಡ್ ತಡೆಯುತ್ತೆ, ಖಾಲಿ ಓಡಿಸಿದಾಗ ಬೆನ್ನು ಮುರಿಯುತ್ತೆ. ಖಾಲಿ ಲಾರಿ ಹಿಂದೆ ಕೂತು ಹಳ್ಳಿ ರಸ್ತೆಯಲ್ಲಿ ಹೋದವರಿಗೆ ಇದನ್ನ ವಿವರಿಸೋದೇ ಬೇಡ. ಗಾಳಿಗೆ ಈ ಹಟ ಇಲ್ಲ. ಲೋಡ್ ಹೆಚ್ಚಿತಾ, ಇನ್ನಷ್ಟು ಗಾಳಿ ತುಂಬು. ಎತ್ತರ ಅಷ್ಟೇ ಇರುತ್ತೆ, ಗಟ್ಟಿತನ ಮಾತ್ರ ಭಾರಕ್ಕೆ ತಕ್ಕಂತೆ ಏರುತ್ತೆ. ಲೋಡ್ ಇಳಿಸಿದೆಯಾ, ಗಾಳಿ ಬಿಡು.

ಹಾಗಾಗಿ ಇದನ್ನ ಮೊದಲು ಗಂಭೀರವಾಗಿ ತಗೊಂಡವರು ಕಾರಿನವರಲ್ಲ, ಬಸ್ಸಿನವರು. ಐವತ್ತು ಜನ ಹತ್ತಿದರೆ ಬಸ್ಸಿನ ತೂಕ ಮೂರು ಟನ್ ಏರುತ್ತೆ, ಮುಂದಿನ ಸ್ಟಾಪಿನಲ್ಲಿ ಅರ್ಧ ಜನ ಇಳೀತಾರೆ. ಅಮೆರಿಕದಲ್ಲಿ ಟಯರ್ ಕಂಪನಿ ಫೈರ್‌ಸ್ಟೋನ್ 1930ರ ದಶಕದಲ್ಲೇ ರಬ್ಬರ್ ಗಾಳಿ ಚೀಲಗಳ ಪ್ರಯೋಗ ಮಾಡ್ತಿತ್ತು. ಟಯರಿನವರಿಗೆ ಇದು ಹೊಳೆದದ್ದು ಸಹಜ. ಚೀಲ ಅಂದ್ರೂ ಅದು ಟಯರಿನ ತಮ್ಮನೇ: ರಬ್ಬರು, ಒಳಗೆ ಹೆಣೆದ ದಾರ, ಮಧ್ಯೆ ಗಾಳಿ. 1953ರಲ್ಲಿ ಜನರಲ್ ಮೋಟರ್ಸ್ ದೂರ ಪ್ರಯಾಣದ ಬಸ್ಸಿಗೆ ಗಾಳಿ ಸಸ್ಪೆನ್ಷನ್ ಹಾಕಿ ಮಾರೋಕೆ ಶುರು ಮಾಡ್ತು. ಮಾರನೇ ವರ್ಷ ಗ್ರೇಹೌಂಡ್ ಕಂಪನಿಯ ಪ್ರಸಿದ್ಧ ಸೀನಿಕ್ರೂಸರ್ ಬಂತು. ಅಲ್ಲಿಂದ ಇಲ್ಲಿವರೆಗೆ ಬಸ್ಸುಗಳಲ್ಲಿ ಗಾಳಿ ಸಸ್ಪೆನ್ಷನ್ ಒಂದು ದಿನವೂ ಹಿಂದೆ ಹೋಗಿಲ್ಲ. ಇದನ್ನ ಸ್ವಲ್ಪ ನೆನಪಿಟ್ಕೊಳ್ಳಿ.

ಬಸ್ಸಿನಲ್ಲಿ ಗೆದ್ದದ್ದನ್ನ ಕಾರಿಗೆ ತಂದರೆ? 1957ರಲ್ಲಿ ಕ್ಯಾಡಿಲಾಕ್ ತಂದಿತು. ಕಾರಿನ ಹೆಸರು ಎಲ್ಡೊರಾಡೊ ಬ್ರೋಮ್. ಸ್ಟೇನ್‌ಲೆಸ್ ಸ್ಟೀಲ್ ಚಾವಣಿ, ಬೆಲೆ 13,074 ಡಾಲರ್. ಆ ದುಡ್ಡಿಗೆ ಆಗ ಒಂದು ಸಾಧಾರಣ ಮನೆಯನ್ನೇ ಕೊಳ್ಳಬಹುದಿತ್ತು. ಎರಡು ವರ್ಷದಲ್ಲಿ ತಯಾರಾದದ್ದು 704 ಕಾರು. ನಾಲ್ಕೂ ಚಕ್ರಕ್ಕೂ ಗಾಳಿ ಸ್ಪ್ರಿಂಗು, ಅದಕ್ಕೊಂದು ಪುಟ್ಟ ಕಂಪ್ರೆಸರು. ಮರುವರ್ಷ, 1958ಕ್ಕೆ, ಅಮೆರಿಕದಲ್ಲಿ ಇದು ಫ್ಯಾಷನ್ನೇ ಆಗೋಯ್ತು. ಷೆವರ್ಲೆ, ಬ್ಯೂಕ್, ಪಾಂಟಿಯಾಕ್, ಓಲ್ಡ್ಸ್‌ಮೊಬೀಲ್ ಎಲ್ಲರೂ ಒಂದೊಂದು ಚೆಂದದ ಹೆಸರಿಟ್ಟು ಮಾರೋಕೆ ನಿಂತರು.

ಎರಡು ಮೂರು ವರ್ಷ, ಅಷ್ಟೇ. ಒಬ್ಬೊಬ್ಬರಾಗಿ ಎಲ್ಲರೂ ಕೈಬಿಟ್ಟರು. ಗಾಳಿ ಸೋರುತ್ತಿತ್ತು, ಬೆಳಿಗ್ಗೆ ಎದ್ದು ನೋಡಿದರೆ ಕಾರು ಕೂತಿರುತ್ತಿತ್ತು. ಊರಿನ ಮೆಕ್ಯಾನಿಕ್‌ಗೆ ಸ್ಪ್ರಿಂಗ್ ಗೊತ್ತು, ಇದು ಗೊತ್ತಿಲ್ಲ. ಆ ದುಬಾರಿ ಬ್ರೋಮ್‌ಗಳಲ್ಲೂ ಎಷ್ಟೋ ಕಾರುಗಳಿಗೆ ಮಾಲೀಕರು ಗಾಳಿ ಕಿತ್ತು ಉಕ್ಕಿನ ಸ್ಪ್ರಿಂಗ್ ಹಾಕಿಸಿಬಿಟ್ಟರು. ಇದನ್ನ ಓದ್ತಾ ನನಗೆ ನಗು ಬಂತು. ಅಣ್ಣನಿಗೆ ಸಿಕ್ಕ ಸಲಹೆ ಅರವತ್ತು ವರ್ಷ ಹಳೇದು.

ಇದೇ ಹೊತ್ತಲ್ಲಿ ಫ್ರಾನ್ಸಿನಲ್ಲಿ ಬೇರೆ ದಾರಿ ಹುಡುಕಿದ್ದ ಒಬ್ಬರಿದ್ದರು, ಪಾಲ್ ಮಾಜೆಸ್. ಸಿಟ್ರೊಯೆನ್ ಕಂಪನಿಯ ಎಂಜಿನಿಯರ್. ಅವರದ್ದು ಬರೀ ಗಾಳಿಯಲ್ಲ. ಗೋಲಾಕಾರದ ಉಕ್ಕಿನ ಬುರುಡೆಯೊಳಗೆ ನೈಟ್ರೋಜನ್ ಅನಿಲ, ಅದನ್ನ ಒತ್ತೋಕೆ ಎಣ್ಣೆ, ನಡುವೆ ರಬ್ಬರ್ ಪರದೆ. 1955ರ ಅಕ್ಟೋಬರಿನಲ್ಲಿ ಪ್ಯಾರಿಸ್ ಮೋಟರ್ ಷೋದಲ್ಲಿ ಡಿಎಸ್ ಕಾರು ಕಾಣಿಸಿಕೊಂಡಾಗ ಮೊದಲ ದಿನವೇ 12,000 ಆರ್ಡರ್ ಬಿತ್ತು. ನಿಲ್ಲಿಸಿದರೆ ಕೂರುತ್ತೆ, ಸ್ಟಾರ್ಟ್ ಮಾಡಿದರೆ ಏಳುತ್ತೆ. ದೊಡ್ಡಮ್ಮನಿಗೆ ಬೇಕಾದದ್ದು ಹೆಚ್ಚುಕಮ್ಮಿ ಆಗಲೇ ಇತ್ತು! 1962ರ ಆಗಸ್ಟ್ 22ರಂದು ಅಧ್ಯಕ್ಷ ದ ಗಾಲ್ ಮೇಲೆ ಗುಂಡಿನ ದಾಳಿ ಆದಾಗ, ಟಯರ್ ಪಂಕ್ಚರ್ ಆದರೂ ಅವರ ಡಿಎಸ್ ನಿಲ್ಲದೆ ಓಡಿ ಪಾರಾಯ್ತು. ಆದರೆ ಅದರ ಮೊದಲ ವರ್ಷಗಳ ಎಣ್ಣೆ ಗಾಳಿಯ ತೇವ ಹೀರಿಕೊಳ್ಳುತ್ತಿತ್ತು, ಒಳಗಿನ ಲೋಹ ತುಕ್ಕು ಹಿಡೀತಿತ್ತು. 1960ರ ದಶಕದಲ್ಲಿ ಹಸಿರು ಬಣ್ಣದ ಬೇರೆ ಎಣ್ಣೆ ಬಂದ ಮೇಲೆ ಕಾಟ ತಗ್ಗಿತು. ತೇವ ಅಂದೆನಲ್ಲ, ಅದು ಮತ್ತೆ ಬರುತ್ತೆ.

ಈಗ ಆಫ್-ರೋಡರ್‌ಗೆ ಬರೋಣ. ಬ್ರಿಟನ್ನಿನಲ್ಲಿ 1970ರ ಜೂನ್ 17ಕ್ಕೆ ರೇಂಜ್ ರೋವರ್ ಬಿಡುಗಡೆ ಆಯ್ತು. ಅದರ ಹಿಂದಿನ ತಲೆ ಸ್ಪೆನ್ ಕಿಂಗ್. ಅಲ್ಲಿವರೆಗೆ ಕಾಡುಮೇಡು ಹತ್ತುವ ಗಾಡಿ ಅಂದ್ರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಯ ಸ್ಪ್ರಿಂಗು, ಎಲುಬು ಕಲಕೋ ಕುಲುಕು. ಕಿಂಗ್ ಉದ್ದನೆಯ, ಮೆತ್ತನೆಯ ಸುರುಳಿ ಸ್ಪ್ರಿಂಗ್ ಹಾಕಿದರು. ಚಕ್ರ ಎಷ್ಟು ಮೇಲೆ ಕೆಳಗೆ ಆಡುತ್ತೋ ಅಷ್ಟು ನೆಲಕ್ಕೆ ಅಂಟಿಕೊಂಡಿರುತ್ತೆ ಅನ್ನೋದು ಲೆಕ್ಕ. ಒಳಗೆ ಐಷಾರಾಮ ಏನೂ ಇರಲಿಲ್ಲ. ಕೆಸರು ಕಾಲಲ್ಲಿ ಹತ್ತಿ ಆಮೇಲೆ ನೀರು ಹಾಕಿ ತೊಳೆಯಬಹುದಾದ ನೆಲಹಾಸು. ರೈತನ ಗಾಡಿ ಸ್ವಾಮಿ ಅದು, ನಿಜವಾಗಿ. ಮುಂದೆ ಅದು ನಗರದ ಸಿರಿವಂತರ ಗಾಡಿ ಆದದ್ದನ್ನ ಕಂಡು ಕಿಂಗ್ ಅವರೇ ವಯಸ್ಸಾದ ಮೇಲೆ ಬಹಿರಂಗವಾಗಿ ಬೈದಿದ್ದರು.

ಮೆತ್ತನೆ ಸ್ಪ್ರಿಂಗಿನ ಸಮಸ್ಯೆ ಆಗಲೇ ಹೇಳಿದೆ, ಲೋಡ್ ಹಾಕಿದರೆ ಕುಸಿಯುತ್ತೆ. ಹಾಗಾಗಿ ಹಿಂದಿನ ಆಕ್ಸಲ್ ಮೇಲೆ ಗಾಡಿಯನ್ನ ಮಟ್ಟಕ್ಕೆ ಎತ್ತೋ ಒಂದು ಕೊಳವೆಯಂಥ ಸಾಧನ ಮೊದಲ ದಿನದಿಂದಲೇ ಇತ್ತು. ಇಪ್ಪತ್ತೆರಡು ವರ್ಷ ಅದರಲ್ಲೇ ನಡೀತು. 1992ರಲ್ಲಿ ಉದ್ದ ಚಾಸಿಯ ಎಲ್‌ಎಸ್‌ಇ ಮಾಡೆಲ್ ಬಂದಾಗ ಕಂಪನಿ ನಾಲ್ಕೂ ಸ್ಪ್ರಿಂಗ್ ತೆಗೆದು ನಾಲ್ಕು ಗಾಳಿ ಚೀಲ ಇಟ್ಟಿತು. ಕಂಪ್ಯೂಟರ್ ಪ್ರತಿ ಮೂಲೆಯ ಎತ್ತರ ಅಳೆದು ಗಾಳಿ ತುಂಬುತ್ತೆ, ಬಿಡುತ್ತೆ. ಹೈವೇಲಿ ತಗ್ಗು, ಕಲ್ಲುದಾರಿಯಲ್ಲಿ ಎತ್ತರ, ಹತ್ತಿ ಇಳಿಯೋಕೆ ಇನ್ನೂ ತಗ್ಗು. 1994ರಲ್ಲಿ ಬಂದ ಎರಡನೇ ತಲೆಮಾರಿನ ರೇಂಜ್ ರೋವರ್ ಪೂರ್ತಿ ಗಾಳಿಯ ಮೇಲೇ ಹುಟ್ಟಿದ್ದು. ಆಮೇಲೆ ಸಾಲು ಸಾಲು: 1998ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್, 2002ರಲ್ಲಿ ಪೋರ್ಷೆ ಕಯೆನ್, 2004ರಲ್ಲಿ ಲ್ಯಾಂಡ್ ರೋವರ್ ಡಿಸ್ಕವರಿ 3. ಈ ನಡುವೆ ಲ್ಯಾಂಡ್ ರೋವರ್ ಬಿಎಂಡಬ್ಲ್ಯೂ ಕೈಗೆ, ಅಲ್ಲಿಂದ ಫೋರ್ಡ್ ಕೈಗೆ ಹೋಗಿ 2008ರಲ್ಲಿ ಟಾಟಾ ಕೈಗೆ ಬಂತು. 2011ರಿಂದ ಪುಣೆಯಲ್ಲಿ ಜೋಡಣೆ. ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಇಂಥ ಗಾಡಿಗಳೆಲ್ಲ ಎಲ್ಲಿಗೆ ಹೋಗ್ತವೆ? ನಮ್ಮ ಅಣ್ಣನಂಥವರ ಅಂಗಳಕ್ಕೆ.

ಬ್ರಿಟನ್ನಿನಲ್ಲೂ ಇದೇ ಆಗಿತ್ತು. 1994ರ ಆ ಗಾಡಿಗಳು ಮೂರನೇ ನಾಲ್ಕನೇ ಕೈ ಸೇರುವ ಹೊತ್ತಿಗೆ ಚೀಲ ಒಣಗಿತ್ತು, ವಾಲ್ವಿನೊಳಗಿನ ಸಣ್ಣ ರಬ್ಬರ್ ಬಳೆಗಳು, ಓ-ರಿಂಗುಗಳು, ಕಲ್ಲಾಗಿದ್ದವು. ಗಾಳಿ ಕಿತ್ತು ಸ್ಪ್ರಿಂಗ್ ಹಾಕೋ ಕಿಟ್ ಮಾರೋದೇ ಅಲ್ಲಿ ಒಂದು ವ್ಯಾಪಾರ ಆಯ್ತು. ಕ್ಯಾಡಿಲಾಕಿನ ಕತೆ ಮತ್ತೊಮ್ಮೆ.

ಆದರೆ ನೆನಪಿಟ್ಕೊಳ್ಳಿ ಅಂದಿದ್ದೆನಲ್ಲ, ಬಸ್ಸು. ಈ ಶತಮಾನದ ಮೊದಲ ವರ್ಷಗಳಲ್ಲಿ ಹೊಸಕೋಟೆಯಲ್ಲಿ ತಯಾರಾದ ವೋಲ್ವೋ ಬಸ್ಸುಗಳನ್ನ ನಮ್ಮ ಕೆಎಸ್‌ಆರ್‌ಟಿಸಿ 'ಐರಾವತ' ಅಂತ ಓಡಿಸಿತು. ಗಾಳಿಯ ಮೇಲೆ ತೇಲೋದು ಅಂದ್ರೇನು ಅಂತ ಕರ್ನಾಟಕದ ಜನಕ್ಕೆ ಗೊತ್ತಾದದ್ದು ಐಷಾರಾಮಿ ಕಾರಿನಿಂದಲ್ಲ, ಆ ಬಸ್ಸಿನ ಟಿಕೆಟ್‌ನಿಂದ. ಬೆಂಗಳೂರಿನ ತಗ್ಗು ನೆಲದ ವೋಲ್ವೋ ಸಿಟಿ ಬಸ್ಸಿಗಂತೂ ಸ್ಟಾಪಿನಲ್ಲಿ ಒಂದು ಪಕ್ಕಕ್ಕೆ ಬಾಗೋ ವ್ಯವಸ್ಥೆಯೂ ಇತ್ತು. ಲಕ್ಷಾಂತರ ಕಿಲೋಮೀಟರ್ ಓಡಿದ ಆ ಬಸ್ಸುಗಳನ್ನ ಬೆಳಿಗ್ಗೆ ಡಿಪೋದಲ್ಲಿ ಎಮ್ಮೆ ಹಾಗೆ ಮಲಗಿದ್ದು ನಾನಂತೂ ನೋಡಿಲ್ಲ. ಅದೇ ರಬ್ಬರು, ಅದೇ ಗಾಳಿ. ಹಾಗಾದ್ರೆ ವ್ಯತ್ಯಾಸ ಎಲ್ಲಿ?

ಉತ್ತರ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಬೆಂಗಳೂರಿನ ಜೆ.ಸಿ. ರಸ್ತೆ ಹತ್ತಿರದ ಒಂದು ಗಲ್ಲಿಯಲ್ಲಿ. ಅಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾರೆ, ಅರವತ್ತರ ಆಸುಪಾಸು, ಬಸ್ಸಿನ ಏರ್ ಬ್ರೇಕ್ ಕೆಲಸ ಮಾಡಿ ಬೆಳೆದವರು. ಅಣ್ಣ ಗಾಡಿಯನ್ನ ಟ್ರಕ್ಕಿನ ಮೇಲೆ ಹೇರಿಕೊಂಡು ಅಲ್ಲಿಗೆ ತಂದ, ನಾನೂ ಹೋದೆ. ಅವರು ಲ್ಯಾಪ್‌ಟಾಪ್ ತೆಗೀಲಿಲ್ಲ. ಡ್ಯಾಶ್‌ಬೋರ್ಡ್ ಖಾನೆಯಲ್ಲಿದ್ದ ಹಳೇ ಬಿಲ್ಲುಗಳನ್ನ ಕೇಳಿದರು. ಕನ್ನಡಕ ಏರಿಸಿ ಒಂದೊಂದೇ ನೋಡಿದರು.

"ನೋಡಿ ಸಾರ್, ನಾಲ್ಕು ವರ್ಷದಲ್ಲಿ ಎರಡು ಕಂಪ್ರೆಸರ್ ಹಾಕವ್ರೆ. ಚೀಲದ್ದು ಒಂದು ಬಿಲ್ಲೂ ಇಲ್ಲ."

ಮುಂದಿನದ್ದನ್ನ ಅವರು ಗಾಡಿ ಕೆಳಗೆ ಕೂತೇ ಹೇಳಿದರು. ಅದಕ್ಕೂ ಮೊದಲು ನಾಲ್ಕು ಕಡೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟಿದ್ದರು. ಇದನ್ನ ಕೇಳ್ತಿರೋ ಯಾರಾದರೂ ಇಂಥ ಗಾಡಿ ಇಟ್ಕೊಂಡಿದ್ದರೆ ದಯವಿಟ್ಟು ಗಮನಿಸಿ: ಸ್ಟ್ಯಾಂಡ್ ಇಲ್ಲದೆ ಕೈಯನ್ನೂ ಒಳಗೆ ಹಾಕಬೇಡಿ. ಗಾಳಿ ಹೇಳಿ ಕೇಳಿ ಹೋಗಲ್ಲ.

ಚೀಲದ ಕೆಳತುದಿ ಒಂದು ಪಿಸ್ಟನ್ ಮೇಲೆ ಕಾಲುಚೀಲ ಮಡಚಿದ ಹಾಗೆ ಮಡಚಿಕೊಂಡು ಮೇಲೆ ಕೆಳಗೆ ಉರುಳ್ತಾ ಇರುತ್ತೆ. ಬಿರುಕು ಬೀಳೋದು ಆ ಮಡಿಕೆಯಲ್ಲೇ. ಗಾಡಿ ಕೂತಿದ್ದಾಗ ಮಡಿಕೆ ಮುಚ್ಚಿಕೊಂಡಿರುತ್ತೆ, ಬಿರುಕು ಕಾಣಲ್ಲ. ಅವರು ಹೊರಗಿನ ಟ್ಯಾಂಕಿನಿಂದ ಗಾಳಿ ಕೊಟ್ಟು ಆ ಮೂಲೆಯನ್ನ ಎತ್ತಿದರು, ಮಣ್ಣು ತೊಳೆದರು, ಪಾತ್ರೆ ತೊಳೆಯೋ ಸೋಪಿನ ನೀರನ್ನ ಬ್ರಷ್‌ನಿಂದ ಸವರಿದರು. ಐದು ಸೆಕೆಂಡು ಏನೂ ಇಲ್ಲ. ಆಮೇಲೆ ಒಂದು ಗೆರೆಯುದ್ದಕ್ಕೂ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಎದ್ದವು. ತಿಪಟೂರಿನ ಅಂಗಳದಲ್ಲಿ ಕೇಳಿದ 'ಸ್ಸ್ಸ್' ಇದೇ.

ಇಷ್ಟು ಸಣ್ಣ ಸೋರಿಕೆ ಇಡೀ ವ್ಯವಸ್ಥೆಯನ್ನ ಹೇಗೆ ಕೊಲ್ಲುತ್ತೆ ಅನ್ನೋದೇ ಕತೆಯ ಗಂಟು. ಈ ಕಂಪ್ರೆಸರ್ ಆಗಾಗ ಒಂದೆರಡು ನಿಮಿಷ ಓಡೋಕೆ ಮಾಡಿದ ಪುಟ್ಟ ಯಂತ್ರ, ದಿನವಿಡೀ ಓಡೋಕಲ್ಲ. ಒಂದು ಕಡೆ ಸೋರ್ತಿದ್ದರೆ ಕಂಪ್ಯೂಟರ್ ಮತ್ತೆ ಮತ್ತೆ ಅದನ್ನ ಎಬ್ಬಿಸುತ್ತೆ. ಅದು ಕಾಯುತ್ತೆ, ಪಿಸ್ಟನ್ನಿನ ಸೀಲ್ ಸವೆಯುತ್ತೆ, ಕೆಲವೊಮ್ಮೆ ಅದಕ್ಕೆ ಕರೆಂಟ್ ಕೊಡೋ ರಿಲೇ ಅಂಟಿಕೊಂಡು ಸುಟ್ಟು ಹೋಗುವವರೆಗೂ ಓಡುತ್ತೆ. ಪಕ್ಕದಲ್ಲೇ ಗಾಳಿಯ ತೇವ ಹೀರೋ ಕಾಳುಗಳ ಡಬ್ಬಿ ಇದೆ, ಹೊಸ ಬ್ಯಾಗು ಚಪ್ಪಲಿ ಡಬ್ಬಿಯಲ್ಲಿ ಪೊಟ್ಟಣ ಇರುತ್ತಲ್ಲ, ಅದೇ ಥರದ್ದು. ಗಾಳಿ ಹೊರಗೆ ಬಿಡುವಾಗ ಅದೇ ಕಾಳುಗಳ ಮೂಲಕ ಒಣ ಗಾಳಿ ವಾಪಸ್ ಹೋಗಿ ಅವನ್ನ ಒಣಗಿಸುತ್ತೆ. ಬಲು ಜಾಣ ಏರ್ಪಾಡು. ಆದರೆ ಗಾಳಿ ಚೀಲದಲ್ಲೇ ಸೋರಿ ಹೋದರೆ ವಾಪಸ್ ಬರೋದೇನು? ಕಾಳು ಒಣಗಲ್ಲ, ತೇವ ಮುಂದೆ ಹೋಗಿ ವಾಲ್ವುಗಳಲ್ಲಿ ಕೂರುತ್ತೆ, ತುಕ್ಕು ಶುರುವಾಗುತ್ತೆ. ಅವರು ಆ ಡಬ್ಬಿ ಬಿಚ್ಚಿ ನೆಲಕ್ಕೆ ಸುರಿದಾಗ ಬಿಳಿ ಕಾಳಿನ ಬದಲು ಬಿದ್ದದ್ದು ಬೂದು ಬಣ್ಣದ ಗಂಜಿ.

ಹಿಂದಿನ ಮಾಲೀಕರು ಎರಡು ಸಲ ಸತ್ತವನ ಬಟ್ಟೆ ಬದಲಾಯಿಸಿದ್ದರು, ಕೊಂದವನನ್ನ ಹಾಗೇ ಬಿಟ್ಟಿದ್ದರು.

"ಬಸ್ಸಲ್ಲಿ ಹಿಂಗೆ ಆಗಲ್ವಾ?" ಅಂತ ಕೇಳಿದೆ.

"ಆಗತ್ತೆ. ಆದ್ರೆ ಡಿಪೋದಲ್ಲಿ ಟ್ಯಾಂಕಿನ ನೀರು ಬಿಡ್ತಾರೆ, ಡ್ರೈಯರ್ ಬದಲಾಯಿಸ್ತಾರೆ, ಚೀಲಕ್ಕೆ ವಯಸ್ಸಾಯ್ತಾ ಅಂತ ನೋಡ್ತಾರೆ. ಅಲ್ಲಿ ಬಸ್ ನಿಂತ್ರೆ ಕಲೆಕ್ಷನ್ ನಿಲ್ಲತ್ತೆ ಸಾರ್. ಈ ಗಾಡಿ ನಿಂತ್ರೆ ಸಾಹೇಬ್ರ ಹತ್ರ ಇನ್ನೊಂದು ಗಾಡಿ ಇರತ್ತೆ."

ನಾನು ಒಂದು ವಾರ ಓದಿದ್ದನ್ನ ಅವರು ಅರ್ಧ ನಿಮಿಷದಲ್ಲಿ ಮುಗಿಸಿದರು. ನನಗೆ ಅನ್ನಿಸೋದು ಇಷ್ಟು: ಕ್ಯಾಡಿಲಾಕ್ ಕಾಲದ ರಬ್ಬರು ನಿಜವಾಗಲೂ ಕಳಪೆ ಇತ್ತು, ಅದಕ್ಕೆ ಮಾಫಿ ಇದೆ. 1990ರ ನಂತರದ ಗಾಡಿಗಳಿಗೆ ಆ ನೆಪ ಪೂರ್ತಿ ಹೊಂದಲ್ಲ. ಚೀಲ ಟಯರಿನ ತಮ್ಮ ಅಂತ ಗೊತ್ತಿದ್ದರೂ ಟಯರಿನ ಹಾಗೆ ಸವೆಯೋ ಸಾಮಾನು ಅಂತ ಅದನ್ನ ಕೊಳ್ಳುವವರಿಗೆ ಯಾರೂ ಒತ್ತಿ ಹೇಳಲಿಲ್ಲ. ಕೋಟಿ ರೂಪಾಯಿ ಗಾಡಿ ಮಾರುವಾಗ "ಹತ್ತು ವರ್ಷಕ್ಕೆ ಇದು ಒಣಗುತ್ತೆ" ಅಂತ ಯಾವ ಸೇಲ್ಸ್‌ಮನ್ ಹೇಳ್ತಾನೆ ಹೇಳಿ?

ಸರಿ, ಏನು ಮಾಡಿದರು? ಹಿಂದಿನ ಎರಡೂ ಚೀಲ ಹೊಸದು. ಒಂದು ಬದಿ ಒಣಗಿದ್ದರೆ ಇನ್ನೊಂದಕ್ಕೂ ಅದೇ ವಯಸ್ಸು ಅಂತ. ಮುಂದಿನವು ಸೋಪಿನ ಪರೀಕ್ಷೆಯಲ್ಲಿ ಪಾಸಾದವು, ಹಾಗೇ ಬಿಟ್ಟರು. ವಾಲ್ವ್ ಬ್ಲಾಕ್ ಬಿಚ್ಚಿ ತೊಳೆದು ಓ-ರಿಂಗುಗಳನ್ನೆಲ್ಲ ಬದಲಾಯಿಸಿದರು. ಇಡೀ ಕೆಲಸದಲ್ಲಿ ಅತಿ ಅಗ್ಗದ ಸಾಮಾನು, ಅತಿ ಹೆಚ್ಚು ಹೊತ್ತು ತಿಂದದ್ದೂ ಅದೇ. ಡ್ರೈಯರ್ ಕಾಳು ಹೊಸದು, ರಿಲೇ ಹೊಸದು. ಕಂಪ್ರೆಸರಿಗೆ ಹೊಸ ಸೀಲ್ ಹಾಕಿ ನೋಡಿದರು, ಒಳಗಿನ ಗೋಡೆಯೇ ಗೀರು ಬಿದ್ದಿತ್ತು, ಒತ್ತಡ ಏರಲಿಲ್ಲ. ಅದೊಂದನ್ನ ಕೊನೆಗೆ ಹೊಸದೇ ತರಬೇಕಾಯ್ತು. ಸೋರಿಕೆ ಪೂರ್ತಿ ನಿಂತ ಮೇಲಷ್ಟೇ ಅದನ್ನ ಕೂರಿಸಿದರು. ಒಟ್ಟು ಒಂದು ಲಕ್ಷದ ಎಂಬತ್ತು ಸಾವಿರ. ಉಕ್ಕಿನ ಸ್ಪ್ರಿಂಗಿಗಿಂತ ಮೂವತ್ತು ಸಾವಿರ ಜಾಸ್ತಿ. ಅಣ್ಣ ದುಡ್ಡು ಎಣಿಸುವಾಗ ಮುಖ ನೋಡೋ ಹಾಗಿರಲಿಲ್ಲ.

ಮನೆಗೆ ಬಂದ ದಿನ ದೊಡ್ಡಮ್ಮನನ್ನ ಅಂಗಳಕ್ಕೆ ಕರೆದೆವು. ಅಣ್ಣ ಬಟನ್ ಒತ್ತಿದ. ಗಾಡಿ ಒಂದು ನಿಟ್ಟುಸಿರು ಬಿಟ್ಟು ಕೆಳಗಿಳಿಯಿತು. ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು, ಬಾಗಿಲ ಹಿಡಿ ಹಿಡಿದು, ಯಾರ ಕೈಯನ್ನೂ ಕೇಳದೆ ಕೂತರು. ಆಮೇಲೆ ಗಾಡಿ ಎದ್ದಾಗ "ಅಯ್ಯೋ ಇವನ" ಅಂದರು. ತಕ್ಷಣ ಕೇಳಿದ್ದು, "ಇದಕ್ಕೆ ಮತ್ತೆ ಎಷ್ಟು ಸುರಿದೆಯೋ?" ಅಣ್ಣ ಇವತ್ತಿಗೂ ನಿಜ ಹೇಳಿಲ್ಲ. ದೊಡ್ಡಮ್ಮ ಪಾಡ್‌ಕಾಸ್ಟ್ ಕೇಳಲ್ಲ, ಆ ಧೈರ್ಯದ ಮೇಲೆ ನಾನು ಹೇಳ್ತಿದ್ದೀನಿ.

ಮೆಕ್ಯಾನಿಕ್ ಕೊಟ್ಟ ಒಂದು ಕೆಲಸ ಅಣ್ಣ ಬಿಡದೆ ಮಾಡ್ತಿದ್ದಾನೆ. ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಮತ್ತು ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ, ನಾಲ್ಕೂ ಚಕ್ರದ ನಡುಬಿಂದುವಿನಿಂದ ಮೇಲಿನ ಕಮಾನಿನ ಅಂಚಿಗೆ ಟೇಪ್ ಹಿಡಿದು ಅಳೆದು ಬರೆದಿಡೋದು. ಕೊಬ್ಬರಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಆ ಅಂಕಿಗಳಿವೆ. ನಿನ್ನೆ ಬೆಳಿಗ್ಗೆ ಮೆಸೇಜ್ ಬಂದಿತ್ತು: "ಮುಂದಿನ ಬಲ, ಎರಡು ಮಿಲಿಮೀಟರ್ ಕಡಿಮೆ. ಸೋಪಿನ ನೀರು ಕಲಸ್ತಾ ಇದೀನಿ."